ಅನಾಹುತವಾಗದಿದ್ದರೆ ತಪ್ಪಿಲ್ಲವೋ? ಹೊಸದಾಗಿ ವಾಹನ ಹಿಡಿದವರ ವಿಷಯ

ಈಗ ನಮ್ಮ ಹಳ್ಳಿಗಳಲ್ಲಿ ಒಬ್ಬ ಯೌವನಸ್ಥನಿಗೆ ಹದಿನೆಂಟು ವರುಷ ತುಂಬಿದ ಕೂಡಲೆ ಅವನು ಅಪೇಕ್ಷಿಸುವ ಮೊದಲನೆಯ ವಸ್ತು ಯಾವದೆಂದು ಕೇಳಿದರೆ, ಮೋಟಾರು ಬೈಕು ಎಂಬದೇ ಉತ್ತರವು. ಆ ಅಪೇಕ್ಷೆಯಲ್ಲಿ ತಪ್ಪೇನೂ ಇಲ್ಲ. ಹಾಲನ್ನು ಡೈರಿಗೆ ಮುಟ್ಟಿಸುವದಕ್ಕೂ, ಸಂತೆಗೆ ಹೋಗಿಬರುವದಕ್ಕೂ, ಜ್ವರದಿಂದ ಬಳಲುವ ತಾಯಿಯನ್ನು ತಾಲೂಕು ಆಸ್ಪತ್ರೆಗೆ ಕರಕೊಂಡು ಹೋಗುವದಕ್ಕೂ ಅದು ಎಷ್ಟು ಸಹಾಯಕರವೆಂಬದನ್ನು ಒಂದು ಕಾಲದಲ್ಲಿ ಅಷ್ಟು ದೂರವನ್ನೂ ನಡೆದೇ ಹೋದ ಹಿರಿಯರು ಚೆನ್ನಾಗಿ ಬಲ್ಲರು. ಆದರೆ ಆ ವಾಹನದ ಸಂಗಡ ಒಂದು ಪ್ರಶ್ನೆಯೂ ಮನೆಯೊಳಗೆ ಬರುತ್ತದೆ.

ಒಬ್ಬ ತಂದೆಯು ತನ್ನ ಮಗನನ್ನು ಗದರಿಸುತ್ತಿದ್ದಾಗ ನಾನು ಅವರ ಜಗಲಿಯ ಮೇಲೆ ಕೂತಿದ್ದೆನು. “ನಿನ್ನೆ ಸಂಜೆ ಶಾಲೆಯ ತಿರುವಿನಲ್ಲಿ ಒಂದು ಕೈಯಲ್ಲಿ ಮೊಬೈಲು ಹಿಡುಕೊಂಡು ಓಡಿಸುತ್ತಿದ್ದಿಯಂತಲ್ಲಾ” ಎಂದು ತಂದೆ ಅಂದನು. ಅದಕ್ಕೆ ಮಗನು, “ಅಪ್ಪಾ, ಯಾರಿಗೆ ಏನಾಯಿತು? ಒಂದು ಕೋಳಿಗಾದರೂ ತಗಲಿತೋ? ಏನೂ ಆಗದ್ದಕ್ಕೆ ಯಾಕೆ ಬೈಯುತ್ತೀರಿ?” ಅಂದನು. ತಂದೆ ಸುಮ್ಮನಾದನು. ನಾನೂ ಸುಮ್ಮನಿದ್ದೆನು. ಬೋಧಿಸುವದೇ ಕೆಲಸವಾಗಿರುವ ನಾನು ಯಾಕೆ ಬಾಯಿ ತೆರೆಯಲಿಲ್ಲವೆಂದರೆ, ಕೆಲವು ವರುಷಗಳ ಹಿಂದೆ ಒಂದು ಮದುವೆಯಿಂದ ಅಪರಾತ್ರಿಯಲ್ಲಿ ತಿರುಗಿ ಬರುವಾಗ ನಾನು ಗಾಡಿಯ ಮೇಲೆಯೇ ತೂಕಡಿಸಿ, ಚಕ್ರವು ಡಾಂಬರು ಬಿಟ್ಟು ಜಲ್ಲಿಗೆ ಇಳಿದ ಸದ್ದಿಗೆ ಎಚ್ಚರಗೊಂಡಿದ್ದೆನು. ಅದನ್ನು ನಾನು ಮನೆಯವರಿಗೂ ಹೇಳಲಿಲ್ಲ. ಏನೂ ಆಗಲಿಲ್ಲವಲ್ಲಾ ಎಂದು ನನಗೆ ನಾನೇ ಹೇಳಿಕೊಂಡೆನು. ಹುಡುಗನ ಮಾತು ನನ್ನ ಮಾತೇ ಆಗಿತ್ತು.

ಈಗ ಇಬ್ಬರು ಯೌವನಸ್ಥರನ್ನು ಮನಸ್ಸಿನಲ್ಲಿ ಭಾವಿಸಿರಿ. ಇಬ್ಬರೂ ಒಂದೇ ಸಂಜೆ, ಒಂದೇ ದಾರಿಯಲ್ಲಿ, ಒಂದೇ ವೇಗದಿಂದ ಹೋಗುತ್ತಾರೆ. ಇಬ್ಬರೂ ಮೊಬೈಲಿಗೆ ಬಂದ ಸಂದೇಶವನ್ನು ನೋಡುವದಕ್ಕೋಸ್ಕರ ಕಣ್ಣು ತಗ್ಗಿಸುತ್ತಾರೆ. ಮೊದಲನೆಯವನ ಮುಂದೆ ದಾರಿ ಬರಿದಾಗಿತ್ತು; ಅವನು ಮನೆಗೆ ಹೋಗಿ ಉಂಡು ಮಲಗಿದನು. ಎರಡನೆಯವನ ಮುಂದೆ, ಅಂಗಡಿಯಿಂದ ಸಕ್ಕರೆ ತರುತ್ತಿದ್ದ ಹುಡುಗಿಯೊಬ್ಬಳು ದಾರಿ ದಾಟಿದಳು. ಊರು ಎರಡನೆಯವನನ್ನು ಕೊಲೆಗಾರನೆನ್ನುವದು; ಮೊದಲನೆಯವನ ಹೆಸರನ್ನು ಯಾರೂ ಎತ್ತುವದಿಲ್ಲ. ಆದರೆ ಅವರಿಬ್ಬರು ಮಾಡಿದ ಕೆಲಸದಲ್ಲಿ ಕೂದಲೆಳೆಯಷ್ಟಾದರೂ ವ್ಯತ್ಯಾಸವುಂಟೋ? ವ್ಯತ್ಯಾಸವೆಲ್ಲಾ ಆ ಹುಡುಗಿಯ ಹೆಜ್ಜೆಯಲ್ಲಿತ್ತು.

ಈ ತೊಡಕನ್ನು ಪಂಡಿತರೂ ವಿಚಾರಿಸಿದ್ದಾರೆ. ೧೯೭೬ರಲ್ಲಿ ಇಂಗ್ಲೆಂಡಿನ ಬರ್ನಾರ್ಡ್ ವಿಲಿಯಮ್ಸ್ ಎಂಬವರೂ ಅಮೆರಿಕದ ಥಾಮಸ್ ನೇಗೆಲ್ ಎಂಬವರೂ ಇದನ್ನೇ ಕುರಿತು ಬರೆದರು. ಇಬ್ಬರೂ ಲಾರಿ ನಡಿಸುವವನನ್ನೇ ದೃಷ್ಟಾಂತವಾಗಿ ತೆಗೆದುಕೊಂಡರು. ತನ್ನ ಕಡೆಯಿಂದ ಯಾವ ತಪ್ಪೂ ಇಲ್ಲದೆ ಒಂದು ಮಗುವಿನ ಮೇಲೆ ಲಾರಿ ಹಾಯಿಸಿದವನು ಸಹ, ದಾರಿಯ ಬದಿಯಲ್ಲಿ ನಿಂತು ನೋಡಿದವನಿಗಿಂತ ಬೇರೆ ತರದ ವ್ಯಥೆಯನ್ನು ಪಡುವನು, ಪಡದಿದ್ದರೆ ನಾವು ಅವನನ್ನು ಒಳ್ಳೆಯವನೆಂದು ಎಣಿಸಲಾರೆವು ಎಂಬದು ವಿಲಿಯಮ್ಸರ ಅಭಿಪ್ರಾಯ. ಅದು ನನಗೆ ಸತ್ಯವಾಗಿ ತೋರುತ್ತದೆ. ಆದಕಾರಣ ತಪ್ಪು ಬೇರೆ, ಅದರ ಹಿಂದೆ ಬರುವ ಭಾರ ಬೇರೆ ಎಂದು ನಾನು ತಿಳಿಯುತ್ತೇನೆ. ಭಾರವು ಎರಡನೆಯವನ ಮೇಲೆ ಮಾತ್ರ ಬಿತ್ತು. ಮೊದಲನೆಯವನೂ ನನ್ನಂಥವನೇ ಎಂದು ಹೇಳಿ ಅವನು ಅದನ್ನು ಇಳಿಸಲಾರನು. ತಪ್ಪಾದರೋ ಇಬ್ಬರೂ ಕಣ್ಣು ತಗ್ಗಿಸಿದ ಕ್ಷಣದಲ್ಲಿಯೇ ಮುಗಿದುಹೋಗಿತ್ತು.

ಮೋಶೆಯ ಧರ್ಮಶಾಸ್ತ್ರದಲ್ಲಿ ಹಾಯುವ ಎತ್ತಿನ ವಿಷಯ ಒಂದು ನೇಮಕವಿರುವದನ್ನು ವಾಚಕರು ಬಲ್ಲರು. ಎತ್ತು ಅಕಸ್ಮಾತ್ತಾಗಿ ಒಬ್ಬನನ್ನು ಹಾಯ್ದು ಕೊಂದರೆ ಯಜಮಾನನಿಗೆ ಶಿಕ್ಷೆ ಇಲ್ಲ. ಅದು ಹಾಯುವ ಎತ್ತೆಂದು ಮೊದಲೇ ತಿಳಿಸಲ್ಪಟ್ಟಿದ್ದರೂ ಅವನು ಕಟ್ಟಿಹಾಕದೆ ಬಿಟ್ಟಿದ್ದರೆ ಆ ಮರಣದ ಅಪರಾಧ ಅವನದೇ. ಹಾಗಾದರೆ ಇಂದು ವಾಹನ ನಡಿಸುವವನು ನನಗೆ ತಿಳಿದಿರಲಿಲ್ಲವೆಂದು ಹೇಳಬಹುದೋ? ಭಾರತದಲ್ಲಿ ೨೦೨೨ನೆಯ ಒಂದೇ ವರುಷದಲ್ಲಿ ರಸ್ತೆಯ ಅಪಘಾತಗಳಿಂದ ೧,೬೮,೪೯೧ ಮಂದಿ ಸತ್ತರೆಂದು ಸರಕಾರದ ಲೆಕ್ಕವುಂಟು. ದಿನಕ್ಕೆ ನಾನೂರ ಅರುವತ್ತಕ್ಕಿಂತ ಹೆಚ್ಚು ಹೆಣಗಳು. ಎತ್ತು ಹಾಯುವದೆಂದು ಇನ್ನು ಹ್ಯಾಗೆ ತಿಳಿಸಬೇಕು?

ತಿಳುವಳಿಕೆಯ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ವಿಸ್ತರಿಸುವೆನು. ಗಂಟೆಗೆ ೬೦ ಕಿಲೋಮೀಟರು ವೇಗದಿಂದ ಹೋಗುವವನು ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರಿಗಿಂತ ಹೆಚ್ಚು ದೂರ ಹೋಗುತ್ತಾನೆ. ಮೂರು ಸೆಕೆಂಡು ಮೊಬೈಲು ನೋಡಿದರೆ ಐವತ್ತು ಮೀಟರು ಕುರುಡನಾಗಿ ಓಡಿಸಿದ ಹಾಗಾಯಿತು. ವೇಗವು ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲುವದಕ್ಕೆ ಬೇಕಾದ ದೂರವು ಎರಡರಷ್ಟಲ್ಲ, ನಾಲ್ಕರಷ್ಟಾಗುವದು. ಎತ್ತಿನ ಗಾಡಿ ಹೊಡೆದು ಕಲಿತ ನಮ್ಮ ಅಂದಾಜಿಗೆ ಇದು ಹಿಡಿಯುವದಿಲ್ಲ. ಮುಂದಿನ ಬ್ರೇಕು ಹಿಡಿದರೆ ಪಲ್ಟಿಯಾಗುವದೆಂದು ಹೆದರಿ ಬಹಳ ಮಂದಿ ಹಿಂದಿನದನ್ನು ಮಾತ್ರ ತುಳಿಯುತ್ತಾರೆ. ಆದರೆ ಗಾಡಿ ನಿಲ್ಲುವಾಗ ಭಾರವೆಲ್ಲಾ ಮುಂದಕ್ಕೆ ಸರಿಯುವದರಿಂದ, ಅದನ್ನು ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿನಲ್ಲಿಯೇ ಉಂಟು. ಎರಡನ್ನೂ ಕೂಡಿಸಿ ಮೆಲ್ಲಮೆಲ್ಲನೆ ಒತ್ತತಕ್ಕದ್ದು. ಮರಳು ಬಿದ್ದ ತಿರುವಿನಲ್ಲಿ ಮುಂದಿನದನ್ನು ಒಮ್ಮೆಗೇ ಹಿಡಿಯಬಾರದು, ತಿರುವಿಗೆ ಬರುವ ಮುಂಚೆಯೇ ವೇಗವನ್ನು ತಗ್ಗಿಸಬೇಕು.

ನಮ್ಮ ದಾರಿಗಳ ಗುಣವೂ ಬೇರೆ. ಸುಗ್ಗಿಯ ದಿನಗಳಲ್ಲಿ ರಾಗಿಯನ್ನೂ ಹುರುಳಿಯನ್ನೂ ಡಾಂಬರಿನ ಮೇಲೆ ಹಾಸುತ್ತಾರೆ. ಬೈಕಿನ ಚಕ್ರಕ್ಕೆ ಅದು ಎಣ್ಣೆ ಸವರಿದ ಹಾಗೆಯೇ. (ಹಾಸುವವರ ತಪ್ಪನ್ನೂ ಹೇಳಬೇಕು: ನಮ್ಮ ಕಾಳು ಬಿಡಿಸುವದಕ್ಕೆ ಇತರರ ಜೀವವನ್ನು ಒಡ್ಡುವದು ನ್ಯಾಯವಲ್ಲ.) ಬೇಸಿಗೆಯ ಧೂಳಿನ ಮೇಲೆ ಬೀಳುವ ಮೊದಲನೆಯ ಮಳೆಯೂ ಹಾಗೆಯೇ ಜಾರಿಸುವದು. ರಾತ್ರಿಯಲ್ಲಿ ಕಬ್ಬು ತುಂಬಿದ ಟ್ರಾಕ್ಟರು ಹಿಂದೆ ದೀಪವಿಲ್ಲದೆ ನಿಂತಿರುವದು. ಎದುರಿನವನ ಕಣ್ಣಿಗೆ ಪೂರ್ಣ ಬೆಳಕನ್ನು ಹೊಡೆಯುವವನು, ಒಂದು ನಿಮಿಷದ ಮಟ್ಟಿಗೆ ನೆರೆಯವನನ್ನು ಕುರುಡನನ್ನಾಗಿ ಮಾಡಿದೆನೆಂದು ಎಣಿಸುವದೇ ಇಲ್ಲ. ಹೆಲ್ಮೆಟನ್ನು ಮೊಣಕೈಗೆ ನೇತುಹಾಕಿಕೊಂಡು ಪೊಲೀಸರನ್ನು ಕಂಡಲ್ಲಿ ಮಾತ್ರ ತಲೆಗೆ ಏರಿಸುವವನ ವಿಷಯ ಏನು ಹೇಳೋಣ? ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟು ಬಿದ್ದವನ ತಲೆಗಿಂತ ಮುಂಚೆ ನೆಲಕ್ಕೆ ಹೋಗುವದು.

ಹೊಸಬನ ಕೈ ಎರಡು ವಾರಗಳಲ್ಲಿ ಪಳಗೀತು. ಕಣ್ಣು ಪಳಗುವದಕ್ಕೆ ವರುಷಗಳು ಬೇಕು. ಒಂದು ಆಡು ದಾರಿ ದಾಟಿದರೆ ಹಿಂದೆ ಇನ್ನು ನಾಲ್ಕು ಬರುವವು, ಚೆಂಡು ಉರುಳಿ ಬಂದರೆ ಅದರ ಹಿಂದೆ ಹುಡುಗನು ಓಡಿ ಬರುವನು ಎಂಬದನ್ನು ಅನುಭವಸ್ಥನು ಮುಂಚಿತವಾಗಿ ಕಾಣುತ್ತಾನೆ. ಹೀಗಿರುವದರಿಂದ ಹೊಸಬನಿಗೆ ಅತಿ ಅಪಾಯದ ಕಾಲವು ಹೆದರುತ್ತಾ ಓಡಿಸುವ ಮೊದಲನೆಯ ದಿನಗಳಲ್ಲ, ಹೆದರಿಕೆ ಹೋಗಿ ತಿಳುವಳಿಕೆ ಇನ್ನೂ ಬಾರದಿರುವ ತಿಂಗಳುಗಳೇ ಎಂದು ನನ್ನ ನಂಬಿಕೆ.

ಇನ್ನು ಹಿರಿಯರಿಗೆ ಒಂದು ಮಾತು. “ನಮ್ಮ ಹುಡುಗ ಏಳನೇ ತರಗತಿಯಲ್ಲೇ ಗಾಡಿ ಓಡಿಸುತ್ತಾನೆ” ಎಂದು ಹಿಗ್ಗುವ ತಂದೆಗಳು ನಮ್ಮಲ್ಲಿ ಇದ್ದಾರೆ. ೧೯೮೮ರ ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಹದಿನೆಂಟು ತುಂಬದವನು ಕಾಯಿದೆಗೆ ವಿರೋಧವಾಗಿ ವಾಹನ ನಡಿಸಿ ಅಪರಾಧ ಮಾಡಿದರೆ ಪೋಷಕನಿಗೂ ವಾಹನದ ಒಡೆಯನಿಗೂ ಮೂರು ವರುಷಗಳ ವರೆಗೆ ಸೆರೆವಾಸವೂ ೨೫,೦೦೦ ರೂಪಾಯಿ ದಂಡವೂ ಆಗಬಹುದು. ವಿಮೆಯನ್ನು ಕಟ್ಟದೆ ಬಿಡುವದೂ ಅಲ್ಪವಾದ ಸಂಗತಿಯೆಂದು ತಿಳಿಯಬೇಡಿರಿ. ಇತರರಿಗೆ ಆಗುವ ಹಾನಿಗಾಗಿ ಇರುವ ವಿಮೆಯು ಕಡ್ಡಾಯವಾದದ್ದು. ಅದು ಇಲ್ಲದಿದ್ದರೆ, ನಿಮ್ಮ ಗಾಡಿ ತಗಲಿ ಗಂಡನನ್ನು ಕಳಕೊಂಡವಳಿಗೆ ನೀವು ಹೊಲ ಮಾರಿಯೇ ಕೊಡಬೇಕಾದೀತು, ಹೊಲವಿಲ್ಲದಿದ್ದರೆ ಅವಳ ಮಕ್ಕಳಿಗೆ ಏನೂ ಸಿಕ್ಕಲಿಕ್ಕಿಲ್ಲ.

ಅನಾಹುತವು ಆಗಿಯೇ ಹೋದರೆ ಓಡಿಹೋಗಬಾರದು. ಗಾಯಗೊಂಡವನಿಗೆ ಚಿಕಿತ್ಸೆ ದೊರಕಿಸುವದು ಕಾಯಿದೆಯ ಪ್ರಕಾರವೂ ನಡಿಸಿದವನ ಕರ್ತವ್ಯ. ೧೦೮ಕ್ಕೆ ಕರೆಮಾಡತಕ್ಕದ್ದು; ಜನರ ಕೋಪದ ನಿಮಿತ್ತ ಅಲ್ಲಿ ನಿಲ್ಲಲಾಗದಿದ್ದರೆ ನೆಟ್ಟಗೆ ಪೊಲೀಸು ಠಾಣೆಗೆ ಹೋಗತಕ್ಕದ್ದು. ನೋಡಿದವರೂ ಕೋರ್ಟಿನ ಅಲೆದಾಟಕ್ಕೆ ಹೆದರಿ ಹಿಂದೆಗೆಯಬೇಕಾದದ್ದಿಲ್ಲ. ಒಳ್ಳೇ ಮನಸ್ಸಿನಿಂದ ಸಹಾಯ ಮಾಡಿದವರಿಗೆ ಅದೇ ೨೦೧೯ರ ತಿದ್ದುಪಡಿಯು ರಕ್ಷಣೆ ಕೊಟ್ಟಿದೆ.

ಮುಂದಿನ ವಾರ ನಾನು ಪುನಃ ಆ ಮನೆಗೆ ಹೋದೆನು. ಹುಡುಗನು ಅಂಗಳದಲ್ಲಿ ಗಾಡಿ ಒರಸುತ್ತಿದ್ದನು. ಮೊದಲು ಜಲ್ಲಿಗೆ ಇಳಿದ ನನ್ನ ಚಕ್ರದ ಸಂಗತಿಯನ್ನು ಅವನಿಗೆ ಹೇಳಿದೆನು, ಅನಂತರ, “ತಮ್ಮಾ, ಆ ಸಂಜೆ ತಿರುವಿನಲ್ಲಿ ಮಗು ಬರಲಿಲ್ಲವೆಂಬದು ಸರಿ. ಬಾರದ ಹಾಗೆ ತಡೆದವನು ನೀನೋ?” ಎಂದು ಕೇಳಿದೆನು. ಅವನು ಬಟ್ಟೆಯನ್ನು ಹಿಂಡಿ, ಹಿಂದಿನ ದೀಪವನ್ನು ಬಹಳ ಹೊತ್ತು ಒರಸಿದನು. ಕಡೆಗೆ, “ಅಣ್ಣಾ, ಬ್ರೇಕು ಎರಡನ್ನೂ ಕೂಡಿಸಿ ಹಿಡಿಯಬೇಕೆಂದಿರಲ್ಲಾ, ಅದು ಹ್ಯಾಗೆ ತೋರಿಸಿರಿ” ಅಂದನು. ಶಾಲೆ ಬಿಟ್ಟು ಮಕ್ಕಳೆಲ್ಲಾ ಮನೆಗೆ ಹೋಗುವ ತನಕ ಕಾದು, ನಾವಿಬ್ಬರೂ ಬೈಲಿಗೆ ಹೋದೆವು.