ಅಂಗೈಯ ಯಂತ್ರವೂ ಪ್ರಸಾದಿಯ ಅವಧಾನವೂ

ಷಟ್‌ಸ್ಥಲಗಳಲ್ಲಿ ಭಕ್ತನಿಗೆ ಶ್ರದ್ಧೆಯನ್ನೂ ಮಹೇಶ್ವರನಿಗೆ ನಿಷ್ಠೆಯನ್ನೂ ಹೇಳಿದ ಶಾಸ್ತ್ರವು ಪ್ರಸಾದಿಗೆ ಅವಧಾನವನ್ನು ಹೇಳಿದೆ. ಅವಧಾನವೆಂದರೆ ಎಚ್ಚರವುಳ್ಳ ಮನಸ್ಸು. ಎಡೆಯಲ್ಲಿ ಬಡಿಸಿದ ಅನ್ನವೊಂದೇ ಪ್ರಸಾದವೆಂದು ತಿಳಿಯುವುದು ಅಲ್ಪಾರ್ಥ. ಕಣ್ಣು ಕಾಣುವ ರೂಪವೂ ಕಿವಿ ಕೇಳುವ ಶಬ್ದವೂ ಇಂದ್ರಿಯಗಳಿಗೆ ಆಹಾರವೇ. ಅವನ್ನು ಲಿಂಗಕ್ಕೆ ಅರ್ಪಿಸಿ, ಅರಿತು ಸ್ವೀಕರಿಸುವವನೇ ಪ್ರಸಾದಿ. ಅನರ್ಪಿತವನ್ನು ಕೊಳ್ಳಬಾರದೆಂಬ ನೇಮವು ನಾಲಗೆಗೆ ಮಾತ್ರ ಸಲ್ಲುವುದಲ್ಲ.

ಈ ದೃಷ್ಟಿಯಿಂದ ಇಂದಿನ ಸದ್ಗೃಹಸ್ಥನ ದಿನಚರಿಯನ್ನು ನೋಡಬೇಕು. ಇಷ್ಟಲಿಂಗವನ್ನು ಇರಿಸಿ ದೃಷ್ಟಿಯನ್ನು ನೆಡುವ ಅಂಗೈಯಲ್ಲಿಯೇ ಈಗ ಮೊಬೈಲ್ ಫೋನು ನೆಲೆಸಿದೆ. ಎದ್ದೊಡನೆ ಅದರ ದರ್ಶನ. ಮಲಗುವ ಮುನ್ನವೂ ಅದರದೇ ದರ್ಶನ. ಪೂಜೆಯ ನಡುವೆ ಅದು ಒಮ್ಮೆ ಸದ್ದು ಮಾಡಿದರೆ ಸಾಕು, ಕಣ್ಣು ಲಿಂಗದ ಮೇಲಿದ್ದರೂ ಮನಸ್ಸು ಸಂದೇಶದ ಬೆನ್ನುಹತ್ತಿರುತ್ತದೆ.

ಇದು ಭಾವುಕರ ಆಕ್ಷೇಪಣೆ ಮಾತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಎಂಬ ವಿದುಷಿಯು ಕಂಪ್ಯೂಟರಿನ ಮುಂದೆ ಕುಳಿತವರ ಗಮನವನ್ನು ಅಳೆದಾಗ, 2004ರಲ್ಲಿ ಒಂದು ಪರದೆಯ ಮೇಲೆ ಸರಾಸರಿ 150 ಸೆಕೆಂಡು ನಿಲ್ಲುತ್ತಿದ್ದ ಗಮನವು ಈಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡಿಗೆ ಇಳಿದುದು ಕಂಡುಬಂದಿತು. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮತ್ತೊಂದಕ್ಕೆ ಹೋದವನ ಗಮನದ ಶೇಷವೊಂದು ಹಿಂದಿನದರಲ್ಲಿಯೇ ಉಳಿಯುವುದೆಂದು ಸೋಫಿ ಲೆರಾಯ್ ಎಂಬವರು 2009ರಲ್ಲಿ ತೋರಿಸಿದರು. ಶರಣರ ಪರಿಭಾಷೆಯಲ್ಲಿ ಹೇಳುವುದಾದರೆ ಅಂಥವನು ಎಂಜಲಾದ ಮನಸ್ಸನ್ನು ಕಾಯಕಕ್ಕೂ ಲಿಂಗಕ್ಕೂ ಅರ್ಪಿಸುತ್ತಿದ್ದಾನೆ.

ದೋಷವು ಯಂತ್ರದ್ದೋ, ಮನುಷ್ಯನದೋ? ಎರಡರಲ್ಲಿಯೂ ಪಾಲುಂಟು. 2006ರಲ್ಲಿ ಏಜಾ ರಾಸ್ಕಿನ್ ಎಂಬ ತಂತ್ರಜ್ಞರು, ತುದಿಯೇ ಬಾರದಂತೆ ಪುಟವು ಸರಿಯುತ್ತಲೇ ಇರುವ ವಿಧಾನವನ್ನು ರೂಪಿಸಿದರು. ಮುಂದೆ ಅದಕ್ಕಾಗಿ ಅವರೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಊಟಕ್ಕೆ ಸಾಕೆನ್ನುವ ಘಳಿಗೆಯುಂಟು. ಈ ಎಡೆಯಲ್ಲಿ ಸಾಕೆಂಬುದೇ ಇಲ್ಲ. ಆದರೂ ಬಡಿಸಿದುದೆಲ್ಲವನ್ನೂ ಉಣ್ಣಲೇಬೇಕೆಂಬ ವಿಧಿಯೇನೂ ಇಲ್ಲ. ಕೈ ನೀಡುವವನು ತಾನೇ ಆದುದರಿಂದ, ವಿವೇಕದ ಹೊಣೆಯೂ ತನ್ನದೇ.

ಹಾಗಾದರೆ ಗೃಹಸ್ಥನು ಇದನ್ನು ತ್ಯಜಿಸಬೇಕೆ? ಶರಣಮಾರ್ಗವು ಲೋಕವನ್ನು ಬಿಟ್ಟು ಓಡುವ ಮಾರ್ಗವಲ್ಲ. ರೈತನಿಗೆ ಪೇಟೆಯ ಧಾರಣೆ, ವ್ಯಾಪಾರಿಗೆ ಹಣದ ಲೆಕ್ಕ, ತಾಯಿಗೆ ದೂರದ ಮಗನ ಕ್ಷೇಮಸಮಾಚಾರ ಅದರಿಂದಲೇ ದೊರೆಯುತ್ತಿರುವಾಗ ಅದು ಕಾಯಕದ ಉಪಕರಣವೇ ಸರಿ. ಆದರೆ ನೇಕಾರನು ಲಾಳಿಯನ್ನು ಊಟದ ಎಡೆಗೆ ತರುವುದಿಲ್ಲ. ಒಕ್ಕಲಿಗನು ನೊಗವನ್ನು ಹಾಸಿಗೆಗೆ ಒಯ್ಯುವುದಿಲ್ಲ. ಕೆಲಸ ತೀರಿದೊಡನೆ ಕೆಳಗಿರಿಸಲು ಬಾರದ ಉಪಕರಣವು ಒಡೆಯನಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ಇಂಥ ಅತಿಬಳಕೆಯ ಚಿಕಿತ್ಸೆಗೆಂದೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಬೇಕಾಯಿತು.

ಅತ್ಯಂತ ದೊಡ್ಡ ನಷ್ಟವಾಗುವುದು ದಾಸೋಹಕ್ಕೆ. ಮನೆಗೆ ಬಂದ ಜಂಗಮನ ಎದುರಿನಲ್ಲಿ, ಶಾಲೆಯಿಂದ ಬಂದು ಏನನ್ನೋ ಹೇಳಹೊರಟ ಮಗುವಿನ ಎದುರಿನಲ್ಲಿ ಪರದೆಯನ್ನು ನೋಡುತ್ತ ‘ಹೂಂ’ ಎನ್ನುವವನು ಅನ್ನವಿಕ್ಕಿದರೂ ದಾಸೋಹಿಯಲ್ಲ. ಆತನು ಪದಾರ್ಥವನ್ನು ನೀಡಿದನು, ತನ್ನನ್ನು ನೀಡಲಿಲ್ಲ.

ಒಬ್ಬನ ಸಂಕಲ್ಪವು ಸಡಿಲವಾದೀತು. ಹಲವರ ನೇಮವು ನಿಲ್ಲುತ್ತದೆ. ನೆರೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಗ್ರಾಮದವರು 2022ರ ಆಗಸ್ಟಿನಲ್ಲಿ ಒಂದು ಕಟ್ಟಳೆಯನ್ನು ಮಾಡಿಕೊಂಡರು. ಸಂಜೆ 7 ಗಂಟೆಗೆ ದೇವಾಲಯದಿಂದ ಸೈರನ್ ಮೊಳಗಿದೊಡನೆ ಮನೆಮನೆಯ ಫೋನು, ಟಿ.ವಿ.ಗಳು ಒಂದೂವರೆ ಗಂಟೆ ಮೌನವಾಗಬೇಕು; ಆ ವೇಳೆಯು ಮಕ್ಕಳ ಓದಿಗೆ, ಹಿರಿಯರ ಮಾತುಕತೆಗೆ ಮೀಸಲು.

ಪ್ರತಿಯೊಂದು ಮನೆಯೂ ಇಂಥ ನೇಮವನ್ನು ಹಿಡಿಯಬಹುದು. ಪೂಜೆಯ ವೇಳೆ ಫೋನು ಬೇರೆ ಕೋಣೆಯಲ್ಲಿರಲಿ. ಊಟದ ಪಂಕ್ತಿಗೆ ಅದು ಬಾರದಿರಲಿ. ಕಾಯಕದ ನಡುವೆ ಬರುವ ಸಂದೇಶಗಳಿಗೆ ದಿನದಲ್ಲಿ ಎರಡು ಮೂರು ಹೊತ್ತು ಗೊತ್ತಾಗಿರಲಿ. ಮಕ್ಕಳಿಗೆ ವಿಧಿಸುವ ಮೊದಲು ಹಿರಿಯರು ಆಚರಿಸಲಿ. ಕೈಗೆತ್ತಿಕೊಳ್ಳುವಾಗ ‘ಇದನ್ನು ಲಿಂಗಕ್ಕೆ ಅರ್ಪಿಸಿ ಕೊಳ್ಳಬಹುದೇ?’ ಎಂದು ಒಮ್ಮೆ ಮನಸ್ಸನ್ನು ಕೇಳಿಕೊಂಡರೆ, ಬೇಕಾದುದು ಯಾವುದು, ಬೇಡವಾದುದು ಯಾವುದು ಎಂಬುದು ತಾನಾಗಿಯೇ ತಿಳಿಯುವುದು.