ಕಟ್ಟಿ ಹೇಳಿದ ಮಾತಿಗೆ ಎಷ್ಟು ಅಂಕ?

ಇಂಗ್ಲೆಂಡಿಗೆ ಹೊರಡುವ ನರ್ಸ್ ಹುಡುಗಿಯರನ್ನು ಐಇಎಲ್‌ಟಿಎಸ್ ಇಂಗ್ಲಿಷ್ ಮಾತಿನ ಪರೀಕ್ಷೆಗೆ ತಯಾರು ಮಾಡುವುದು, ನಿವೃತ್ತಿಯಾದ ಮೇಲೆ ಮಂಗಳೂರಿನಲ್ಲಿ ನಾನು ಹಿಡಿದ ಕೆಲಸ. ಅಲ್ಲಿನ ನರ್ಸಿಂಗ್ ಮಂಡಳಿಗೆ ಮಾತಿನಲ್ಲಿ 7 ಬ್ಯಾಂಡ್ ಬೇಕು. ಪರೀಕ್ಷೆ 11ರಿಂದ 14 ನಿಮಿಷ. ನಡುವೆ ವಿಷಯದ ಒಂದು ಚೀಟಿ ಕೊಡುತ್ತಾರೆ. 1 ನಿಮಿಷ ಯೋಚಿಸಿ 2 ನಿಮಿಷದವರೆಗೆ ಮಾತಾಡಬೇಕು. ಸರಾಗತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ, ಈ ನಾಲ್ಕಕ್ಕೆ ಅಂಕ. ಹೇಳಿದ್ದು ನಿಜವೋ ಸುಳ್ಳೋ, ಯಾರೂ ಕೇಳುವುದಿಲ್ಲ.

ಹಾಗಾಗಿ ‘ನೆನಪಾಗದಿದ್ದರೆ ಕಟ್ಟಿ ಹೇಳಿ’ ಎಂದು ನಾವು ಕಲಿಸುತ್ತೇವೆ. ಬೆಳ್ತಂಗಡಿ ಕಡೆಯ ಒಬ್ಬಳು ಒಪ್ಪಲಿಲ್ಲ. ಸ್ಫೂರ್ತಿ ಕೊಟ್ಟ ಶಿಕ್ಷಕರ ಬಗ್ಗೆ ಹೇಳಬೇಕಿತ್ತು.

“ಅಂಥವರು ಯಾರೂ ಇರಲಿಲ್ಲ ಸರ್.”

“ಇದ್ರು ಅಂತ ಹೇಳು ಮಾರಾಯ್ತಿ.”

“ಸುಳ್ಳಾಗ್ತದಲ್ಲ ಸರ್? ಪಾಪನಿವೇದನೆಗೆ ಹೋಗಿ ಇದನ್ನೂ ಹೇಳ್ಬೇಕಾ?”

ಕ್ಲಾಸು ನಕ್ಕಿತು. ನನಗೆ ಮಾತ್ರ ಅದು ತಲೆಯಲ್ಲೇ ಉಳಿಯಿತು.

ಅವಳ ಧರ್ಮದ ಸಂತ ಅಗಸ್ಟೀನ್ ಸುಳ್ಳಿನ ಕುರಿತೇ ಎರಡು ಗ್ರಂಥ ಬರೆದವನು. ಎಂಥ ಒಳ್ಳೆಯ ಉದ್ದೇಶವಿದ್ದರೂ ಸುಳ್ಳಿಗೆ ರಿಯಾಯಿತಿ ಕೊಡದ ಮನುಷ್ಯ. ಆದರೂ ತಮಾಷೆಯ ಮಾತನ್ನು ಸುಳ್ಳಿನ ಲೆಕ್ಕಕ್ಕೆ ಹಿಡಿಯಲಿಲ್ಲ. ಅಲ್ಲಿ ಮೋಸ ಮಾಡುವ ಇರಾದೆ ಇಲ್ಲ. ಪರೀಕ್ಷಕನಿಗೆ ಬೇಕಾದದ್ದೂ ವಾಕ್ಯಗಳು, ಆ ಶಿಕ್ಷಕರಲ್ಲ. ಅಲ್ಲಿಗೆ ಹುಡುಗಿ ಪಾರು.

ಯೋಗಸೂತ್ರದ ವ್ಯಾಸಭಾಷ್ಯ ಇಷ್ಟು ಸುಲಭಕ್ಕೆ ಬಿಡುವುದಿಲ್ಲ. ಅದರ ಪ್ರಕಾರ ಮಾತಿರುವುದೇ ನಮ್ಮ ಅರಿವನ್ನು ಇನ್ನೊಬ್ಬರಿಗೆ ಮುಟ್ಟಿಸಲಿಕ್ಕೆ. ವಂಚನೆ ಇಲ್ಲದಿದ್ದರೆ ಸಾಲದು, ಬರಡು ಮಾತೂ ಆಗಬಾರದು, ಜೀವಿಗಳಿಗೆ ಹಿತವಾಗಬೇಕು. ಪರೀಕ್ಷೆಯ ಕೋಣೆಯಲ್ಲಿ ಏನು ಮುಟ್ಟುತ್ತದೆ? ಮುಟ್ಟಿಸಬಲ್ಲೆ ಎಂಬ ಪ್ರದರ್ಶನ, ಅಷ್ಟೇ. ಪರೀಕ್ಷೆಯೇ ಬೇಡ ಎನ್ನುತ್ತಿಲ್ಲ. ರಾತ್ರಿ ಪಾಳಿಯಲ್ಲಿ ಔಷಧದ ಪ್ರಮಾಣ ತಪ್ಪಾಗಿ ಹೇಳಿದರೆ ರೋಗಿಯ ಗತಿ ಏನು? ಆದರೆ ಪರೀಕ್ಷೆ ಅಳೆಯುವುದು ನಾಲಿಗೆಯನ್ನು. ಮಾತನ್ನೇ ಅಳೆದೆವು ಎಂದುಕೊಂಡರೆ ನನ್ನ ತಕರಾರು.

ಕೊನೆಗೆ ಕ್ಲಾಸಿನ ಅಭ್ಯಾಸದಲ್ಲಿ ಅವಳು ನಿಜವನ್ನೇ ಹೇಳಿದಳು. ಫೀಸು ಕಟ್ಟಲಿಲ್ಲವೆಂದು ಹೊರಗೆ ನಿಲ್ಲಿಸಿದ ಲೆಕ್ಕದ ಟೀಚರ್, ಅವರಿಗೂ ಮೇಲಿನವರ ಒತ್ತಡ ಇದ್ದಿರಬಹುದು ಎಂಬ ಮಾತು. ವಾಕ್ಯಕ್ಕೊಮ್ಮೆ ನಿಲ್ಲುತ್ತಿದ್ದಳು. ಪದ ಸಿಗದೆ ಅಲ್ಲ, ಟೀಚರಿಗೆ ಅನ್ಯಾಯವಾದೀತೆಂದು. ಪರೀಕ್ಷೆಯ ಮಾನದಂಡಕ್ಕೂ ಈ ವ್ಯತ್ಯಾಸ ಗೊತ್ತು: ಪದಕ್ಕಾಗಿ ತಡವರಿಸಿದರೆ ಅಂಕ ಇಳಿಯುತ್ತದೆ, ವಿಚಾರಕ್ಕಾಗಿ ತಡೆದು ನಿಂತರೆ 9 ಬ್ಯಾಂಡ್‌ನಲ್ಲೂ ತಪ್ಪಿಲ್ಲ. ಅಪರಿಚಿತ ಪರೀಕ್ಷಕ ಇದನ್ನು ಹೇಗೆ ಗುರುತಿಸಬೇಕೋ!

ನಾನು ಸರಾಗತೆಗೆ 8 ಹಾಕಿದೆ. ಪಕ್ಕದ ಬೆಂಚಿನವಳು, ಇಲ್ಲದ ಮೇಷ್ಟ್ರ ಬಗ್ಗೆ ಪಟಪಟನೆ ಹೇಳಿ 7 ತೆಗೆದುಕೊಂಡವಳು, ಇನ್ನೂ ಜಗಳಾಡುತ್ತಿದ್ದಾಳೆ.