ವೇಣೂರಿನ ನೆಟ್ಟಗಿನ ಬೆನ್ನು

ಫಲ್ಗುಣಿ ದಂಡೆಯ ವೇಣೂರಿನಲ್ಲಿ ತಿಮ್ಮಣ್ಣ ಅಜಿಲ 1604ರಲ್ಲಿ ನಿಲ್ಲಿಸಿದ ಬಾಹುಬಲಿಗೆ ಡಿಸ್ಕ್ ಜಾರುವ ಭಯವಿಲ್ಲ, ಅವನು ಕಲ್ಲು. ಅವನ ಮುಂದೆ ಕೈಮುಗಿಯುವ ಭಕ್ತನದು ಬೇರೆ ಪಾಡು.

ಹುಟ್ಟುವಾಗ ಬೆನ್ನಿನಲ್ಲಿ ಸಾಮಾನ್ಯವಾಗಿ 33 ಕಶೇರುಕಗಳು: ಕತ್ತಿಗೆ 7, ಎದೆಗೆ 12, ಸೊಂಟಕ್ಕೆ 5. ಕೆಳಗಿನ ಒಂಬತ್ತು ಬೆಳೆಯುತ್ತ ಬೆಸೆದು ತ್ರಿಕಾಸ್ಥಿ, ಬಾಲದ ಮೂಳೆ ಆಗುತ್ತವೆ. ಬೆನ್ನು ನೆಟ್ಟಗಿದೆ ಎನ್ನುವುದೂ ಅರ್ಧಸತ್ಯ. ಪಕ್ಕದಿಂದ ನೋಡಿದರೆ ಕತ್ತು, ಸೊಂಟ ಮುಂದಕ್ಕೆ ಬಾಗಿವೆ, ಎದೆಯ ಭಾಗ ಹಿಂದಕ್ಕೆ. ಸುಮ್ಮನೆ ನಿಂತಾಗಲೂ ದೇಹ ತುಸು ತೂಗುತ್ತದೆ, ಸ್ನಾಯುಗಳು ಬಿಡದೆ ಸರಿಪಡಿಸುತ್ತವೆ.

ಹಾಗಾದರೆ ಜೈನ ಪುರಾಣದ ಬಾಹುಬಲಿ ವರ್ಷವಿಡೀ ನಿಂತ ಕಾಯೋತ್ಸರ್ಗದಲ್ಲಿ, ಅಂದರೆ ‘ದೇಹವನ್ನು ಬಿಡುವ’ ಧ್ಯಾನದಲ್ಲಿ, ಬಿಟ್ಟದ್ದೇನು? ದುಡಿಯುವ ದೇಹವನ್ನಂತೂ ಅಲ್ಲ. ಜೈನರ ಉತ್ತರ ಖಚಿತ: ‘ಇದು ನನ್ನದು’ ಎಂಬ ಮಮತೆಯನ್ನು. ಅದಕ್ಕೇ ಕಾಯೋತ್ಸರ್ಗವನ್ನು ಕುಳಿತೂ ಮಾಡಬಹುದು, ಮಲಗಿಯೂ ಮಾಡಬಹುದು. ನೆಟ್ಟಗಿನ ಬೆನ್ನು ಮುಕ್ತಿಗೆ ಷರತ್ತಲ್ಲ.

ಆದರೂ ದಿಗಂಬರ ಮುನಿಯ 28 ಮೂಲಗುಣಗಳಲ್ಲಿ, ಅಂದರೆ ಕಡ್ಡಾಯ ನಿಯಮಗಳಲ್ಲಿ, ನಿಂತೇ ಉಣ್ಣುವುದೂ ಒಂದು. ಮಮತೆ ಬಿಟ್ಟವನಿಗೂ ಬೆನ್ನು, ಕಾಲುಗಳ ಲೆಕ್ಕ ತಪ್ಪಿದ್ದಲ್ಲ: ನಿಲ್ಲುವ ಶಕ್ತಿ ಮರಳಿ ಬಾರದಂತೆ ಉಡುಗಿದಾಗ ನಿಂತು ಉಣ್ಣಲಾರದ ಮುನಿ ಸಲ್ಲೇಖನದ, ಅಂದರೆ ಆಹಾರ ತೊರೆದು ಸಾವನ್ನು ಎದುರುಗೊಳ್ಳುವ ವ್ರತದ, ಕಡೆ ಹೊರಳುವುದುಂಟು.